ಎರಡನೇ ಸಲ ಕೇಳದವರು

ಮೈಸೂರಿನ ಕಡೆ ಬೆಳೆದ ಹೆಂಗಸರಿಗೆ 'ಬೇಡ' ಅನ್ನುವುದು ಉತ್ತರವಲ್ಲ, ಮಾತಿನ ಶುರು. ಕಾಫಿ ಬೇಡ ಅಂದವರಿಗೆ ಕಾಫಿ ಬೇಕು ಎಂದೇ ಅರ್ಥ. ಎರಡನೇ ಸಲ ಕೇಳಿದಾಗ 'ಈಗ ತಾನೇ ಆಯ್ತು' ಅನ್ನಬೇಕು, ಮೂರನೇ ಸಲ 'ಒಂದರ್ಧ ಲೋಟ ಕೊಡಿ' ಅನ್ನಬೇಕು. ಈ ಶಾಸ್ತ್ರದಲ್ಲಿ ವಸಂತಲಕ್ಷ್ಮಿಯನ್ನು ಮೀರಿಸಿದವರಿಲ್ಲ. ಅವಳನ್ನು ನೋಡಲು ಬಂದ ದಿನ, ಈಗ ಗಂಡನಾಗಿರುವ ನಾಣಿಯ ಅಮ್ಮ 'ಒಂದು ಹಾಡು ಹೇಳಮ್ಮ' ಅಂದಾಗ, ಗಂಟಲು ಕೆಟ್ಟಿದೆ, ಅಭ್ಯಾಸ ಬಿಟ್ಟುಹೋಗಿದೆ ಎಂದೆಲ್ಲ ಹೇಳಿ ಚೆನ್ನಾಗಿ ಒತ್ತಾಯ ಮಾಡಿಸಿಕೊಂಡು, ಆಮೇಲೆ ಗಂಡಿನ ಕಡೆಯವರು ಬಸ್ಸಿಗೆ ಹೊತ್ತಾಯಿತು ಅನ್ನುವವರೆಗೂ ಹಾಡಿದವಳು ಅವಳು.

ಅಂಥವಳು ಸಿಯಾಟಲ್‌ನ ಒಂದು ಚರ್ಚಿನ ಹಾಲ್‌ನಲ್ಲಿ, ಒಂದು ಶನಿವಾರ ಮಧ್ಯಾಹ್ನ, ತನಗೆ ಜೀವಕ್ಕಿಂತ ಹೆಚ್ಚು ಬೇಕಾಗಿದ್ದ ಒಂದು ಕೆಲಸಕ್ಕೆ 'ಬೇಡ' ಅಂದುಬಿಟ್ಟಳು.

ಅದು ಕಪ್ಪು ಸಮುದಾಯದ ಉದ್ಯೋಗಸ್ಥರ ಸಂಘ. ಇಂಜಿನಿಯರುಗಳು, ಅಕೌಂಟೆಂಟುಗಳು, ನರ್ಸುಗಳು, ಇಬ್ಬರು ಮೂವರು ವಕೀಲರು. ವಾರವೆಲ್ಲ ಆಫೀಸಿನಲ್ಲಿ ದುಡಿದು ಶನಿವಾರ ರೇನಿಯರ್ ಅವೆನ್ಯೂ ಪಕ್ಕದ ಆ ಹಾಲ್‌ನಲ್ಲಿ ಸೇರುತ್ತಿದ್ದರು. ಕೆಲಸ ಕಳೆದುಕೊಂಡವರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸುವುದು, ವಯಸ್ಸಾದವರ ಬಿ.ಪಿ. ನೋಡುವುದು, ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳ ಜೊತೆ ಕೂರುವುದು ಎಲ್ಲ ಅಲ್ಲೇ. ಎಲ್ಲಕ್ಕಿಂತ ದೊಡ್ಡದು ಅವರ ಶನಿವಾರದ ಗಣಿತದ ಶಾಲೆ. ಅದನ್ನು ನಡೆಸುತ್ತಿದ್ದವಳು ಅರ್ನೆಸ್ಟೀನ್. ಕ್ಯಾನ್ಯನ್ ಪಾರ್ಕಿನ ಔಷಧಿ ಕಂಪನಿಯಲ್ಲಿ ಅವಳೂ ವಸಂತಲಕ್ಷ್ಮಿಯೂ ಒಂದೇ ಮಹಡಿಯವರು. ಅವಳು ಗುಣಮಟ್ಟದ ವಿಭಾಗದ ಮುಖ್ಯಸ್ಥೆ, ಇವಳು ಸ್ಟ್ಯಾಟಿಸ್ಟಿಕ್ಸ್‌ನವಳು. ಎರಡು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ಐದರಲ್ಲಿ, ಅರ್ನೆಸ್ಟೀನ್ 'ಸುಮ್ಮನೆ ಒಂದು ಸಲ ನೋಡ್ಕೊಂಡು ಹೋಗು ಬಾ' ಎಂದು ಕರೆದುಕೊಂಡು ಹೋಗಿದ್ದಳು. ಅವತ್ತು ಎಂಟನೇ ಕ್ಲಾಸಿನ ಆಲ್ಜೀಬ್ರಾ ಮೇಷ್ಟ್ರು ಬಂದಿರಲಿಲ್ಲ. ಮಕ್ಕಳು ಗಲಾಟೆ ಮಾಡುತ್ತಿದ್ದವು. ಇವಳು ಸೀಮೆಸುಣ್ಣ ಹಿಡಿದು ನಿಂತಳು. ಯಾರೂ 'ಕಲಿಸ್ತೀರಾ' ಎಂದು ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಬೇಡ ಅಂದು ಕಥೆ ಮುಗಿಯುತ್ತಿತ್ತೋ ಏನೋ.

ಅಂದಿನಿಂದ ಒಂದು ಶನಿವಾರ ತಪ್ಪಿಸಿರಲಿಲ್ಲ. ವುಡಿನ್‌ವಿಲ್‌ನ ಮನೆಯಿಂದ ಅಷ್ಟು ದೂರ ಡ್ರೈವ್ ಮಾಡುವಾಗ ಅವಳಿಗೆ ಎಂದೂ ಬೇಸರವಾಗಿರಲಿಲ್ಲ. ಆಫೀಸಿನಲ್ಲಿ ಅವಳು ಅಂಕಿಗಳ ಹಿಂದೆ ಕೂತ ಒಬ್ಬಳು. ಮನೆಯಲ್ಲಿ ಮಗಳು ಹೈಸ್ಕೂಲಿಗೆ ಬಂದಮೇಲೆ ಅಮ್ಮನಿಂದ ಗಣಿತ ಹೇಳಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಆ ಹಾಲ್‌ನಲ್ಲಿ ಮಾತ್ರ, ಒಂದು ಸಮೀಕರಣ ಬಿಡಿಸಿದ ಹುಡುಗ ಕಾಲರ್ ಮೇಲೆತ್ತಿಕೊಂಡು 'ಮಿಸ್ ವಸಂತಾ, ಸೀ' ಎಂದು ಕರೆಯುವಾಗ, ತಾನು ಹುಟ್ಟಿದ್ದು ಸಾರ್ಥಕ ಅನ್ನಿಸುತ್ತಿತ್ತು.

ಈಗ ಅರ್ನೆಸ್ಟೀನ್ ಇಡೀ ಸಂಘದ ಅಧ್ಯಕ್ಷೆಯಾಗುವವಳಿದ್ದಳು. ಶಾಲೆಯನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕಿತ್ತು. ಪಾಠ ಮುಗಿದ ಮೇಲೆ ಎಲ್ಲರೂ ಮಡಿಸುವ ಕುರ್ಚಿಗಳಲ್ಲಿ ಸುತ್ತ ಕೂತಿದ್ದಾಗ, ಅವಳು ನೇರವಾಗಿ ಇವಳ ಕಡೆ ತಿರುಗಿದಳು.

"ವಸಂತಾ, ಶಾಲೆ ನೀನು ತಗೋತೀಯಾ?"

ಈ ಪ್ರಶ್ನೆ ಬರಬಹುದೆಂದು ವಸಂತಲಕ್ಷ್ಮಿ ವಾರವಿಡೀ ಎಣಿಸಿದ್ದಳು. ಬಂದರೆ ಏನೇನು ಬದಲಾಯಿಸಬೇಕೆಂದು ಈರುಳ್ಳಿ ಹೆಚ್ಚುತ್ತಾ ಯೋಚಿಸಿಯೂ ಆಗಿತ್ತು. ಆದರೆ ಕೇಳಿದ ತಕ್ಷಣ ಹೂಂ ಅಂದರೆ ಕಾದುಕೊಂಡಿದ್ದಳು ಅಂದುಕೊಳ್ಳುವುದಿಲ್ಲವೇ?

"ಅಯ್ಯೋ, ಬೇಡ. ನನ್ನಿಂದ ಎಲ್ಲಾಗುತ್ತೆ. ಈಗಿರೋ ಕ್ಲಾಸೇ ನನಗೆ ಜಾಸ್ತಿ ಆಗಿದೆ. ನನಗಿಂತ ಚೆನ್ನಾಗಿ ಮಾಡೋರು ಇಲ್ಲಿ ಎಷ್ಟೊಂದು ಜನ ಇದಾರೆ," ಅಂದಳು. ಮೊದಲನೇ 'ಬೇಡ'ಕ್ಕೆ ಸ್ವಲ್ಪ ಒಗ್ಗರಣೆ ಹಾಕುವುದು ಅವಳ ಅಭ್ಯಾಸ. ಹೇಳಿ, ತಲೆ ತಗ್ಗಿಸಿ, ಎರಡನೇ ಸಲ ಕೇಳುವುದಕ್ಕೆ ಕಾದಳು.

ಅರ್ನೆಸ್ಟೀನ್ ಒಂದು ಗಳಿಗೆ ಅವಳನ್ನೇ ನೋಡಿದಳು. "ಸರಿ. ಮುಚ್ಚುಮರೆ ಇಲ್ಲದೆ ಹೇಳಿದ್ದು ಒಳ್ಳೇದಾಯ್ತು," ಅಂದಳು. ನಂತರ ಎಲ್ಲರತ್ತ ತಿರುಗಿ, "ಮತ್ಯಾರು?" ಅಂದಳು.

ವಿಮಾನದ ಇಂಜಿನಿಯರಾಗಿ ನಿವೃತ್ತನಾಗಿದ್ದ ಕ್ಲಾರೆನ್ಸ್ ಎಂಬ ಎತ್ತರದ ಮುದುಕ ಕೈ ಎತ್ತಿದ. "ನಾನು ಮಾಡ್ತೀನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ಬೇಸಿಗೆಯ ಪಿಕ್ನಿಕ್ ಕಡೆಗೆ ಹೋಯಿತು. ವಸಂತಲಕ್ಷ್ಮಿಯೂ ತಟ್ಟಿದಳು, ಆದರೆ ಮುಖದ ಮೇಲಿದ್ದ ನಾಚಿಕೆಯ ನಗುವನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡು ಕೂತಳು. ಆಗಿದ್ದೇನು ಎಂದೇ ಅವಳಿಗೆ ಹೊಳೆಯಲಿಲ್ಲ.

ಮನೆಗೆ ಬಂದವಳ ಮುಖ ಸಪ್ಪಗಿರುವುದನ್ನು ನೋಡಿ ನಾಣಿ ಟಿ.ವಿ. ಸದ್ದು ಕಮ್ಮಿ ಮಾಡಿದ. ಎಲ್ಲ ಕೇಳಿಸಿಕೊಂಡು, ಗಂಡಸರಿಗೆ ತಾವು ಹೇಳಿದ್ದೇ ಸರಿ ಅನ್ನಿಸುವಾಗ ಬರುವ ಆ ನಿಧಾನದಲ್ಲಿ ಹೇಳಿದ: "ಅವರ ಸಂಘ ಕಣೇ ಅದು. ನಮ್ಮ ಯುಗಾದಿ ಕಮಿಟಿಗೆ ಅವರಲ್ಲೊಬ್ಬರನ್ನ ಪ್ರೆಸಿಡೆಂಟ್ ಮಾಡ್ತೀವಾ ನಾವು? ಬಾಯಿಮಾತಿಗೆ ಕೇಳಿದ್ರು. ನೀನು ಬೇಡ ಅಂದೆ, ಅವರಿಗೂ ನಿರಾಳ ಆಯ್ತು."

"ಅರ್ನೆಸ್ಟೀನ್ ಹಾಗೆ ಬಾಯಿಮಾತಿಗೆ ಕೇಳೋಳಲ್ಲ ರೀ."

"ಹಾಗಿದ್ರೆ ಇನ್ನೊಂದು ಸಲ ಯಾಕೆ ಕೇಳ್ಲಿಲ್ಲ?"

ಅದೇ ಅವಳಿಗೂ ಅರ್ಥವಾಗಿರಲಿಲ್ಲ. ಫ್ರಿಡ್ಜಿನ ಬಾಗಿಲು ಹಿಡಿದು ನಿಂತಿದ್ದ ಮಗಳು ಜಾಹ್ನವಿ ತಿರುಗಿಯೂ ನೋಡದೆ ಅಂದಳು: "ಅಮ್ಮಾ, ಯೂ ಸೆಡ್ ನೋ."

"ಹಾಗೆ ಅನ್ನೋದು ಕಣೇ. ಅಂದ ಮಾತ್ರಕ್ಕೆ ಬೇಡ ಅಂತಾನಾ?"

"ದೆನ್ ವೈ ಸೇ ಇಟ್?"

ಈ ಪ್ರಶ್ನೆಗೆ ಮೈಸೂರು ಸೀಮೆಯಲ್ಲಿ ಯಾರೂ ಉತ್ತರ ಕಲಿಸಿರಲಿಲ್ಲ. ವಸಂತಲಕ್ಷ್ಮಿ ಅಕ್ಕಿ ತೊಳೆಯಲು ಹೋದಳು.

ಸೋಮವಾರ ಆಫೀಸಿನಲ್ಲಿ ಗೊಂದಲ ಇನ್ನೂ ಹೆಚ್ಚಿತು. ಅರ್ನೆಸ್ಟೀನ್ ಮುಖ ತಿರುಗಿಸಿಕೊಂಡಿದ್ದರೆ ಒಂದು ಲೆಕ್ಕ. ಅವಳು ಮೊದಲಿಗಿಂತ ಅಕ್ಕರೆಯಿಂದಿದ್ದಳು. ಕಾರಿಡಾರಿನಲ್ಲಿ ಸಿಕ್ಕಾಗ ಭುಜ ಸವರಿ, "ಇನ್ನಾದ್ರೂ ಸ್ವಲ್ಪ ಸುಧಾರಿಸ್ಕೋ. ಇಷ್ಟು ದಣಿದಿದೀಯ ಅಂತ ನನಗೆ ಗೊತ್ತೇ ಆಗಿರಲಿಲ್ಲ," ಅಂದಳು. ದಣಿದವರು ಯಾರು? ವಸಂತಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಲಿಫ್ಟ್ ಬಂದು ಅರ್ನೆಸ್ಟೀನ್ ಹೊರಟುಹೋದಳು. ವಾರದ ಮಧ್ಯೆ ಕ್ಲಾರೆನ್ಸ್‌ನಿಂದ ಒಂದು ಇ-ಮೇಲ್ ಬಂತು. ಕ್ಲಾಸು ಜಾಸ್ತಿಯಾಗಿದೆ ಎಂದು ನೀವು ಹೇಳಿದ್ದರಿಂದ ಆಲ್ಜೀಬ್ರಾವನ್ನು ನಮ್ಮ ಸಂಘದ ತಮೀಕಾ ನೋಡಿಕೊಳ್ಳುತ್ತಾಳೆ, ನೀವು ಯಾವ ಯೋಚನೆಯನ್ನೂ ಇಟ್ಟುಕೊಳ್ಳಬೇಡಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಬರೆದಿದ್ದ.

ಓದಿ ಅವಳು ಕಕ್ಕಾಬಿಕ್ಕಿಯಾದಳು. ಶಾಲೆ ಹೋಗಲಿ, ಇದ್ದೊಂದು ಕ್ಲಾಸೂ ಹೋಯಿತು. ತನ್ನ ಒಗ್ಗರಣೆಯೇ ಊಟ ಕೆಡಿಸಿತು ಎಂದು ಅರೆಬರೆ ತಿಳಿದರೂ, ಬಿಗುಮಾನ ಬಿಡಲಿಲ್ಲ. ನಾನು ನಿಜವಾಗಿ ಬೇಕಾದವಳಾಗಿದ್ದರೆ ಬಂದು ಕರೆಯುತ್ತಾರೆ, ನಾನೇ ಹೋಗಿ ಹಲ್ಲು ಗಿಂಜುವುದಿಲ್ಲ ಅಂದುಕೊಂಡಳು. ಆ ಶನಿವಾರ ಮನೆಯಲ್ಲೇ ಉಳಿದಳು. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಫ್ರಿಡ್ಜ್ ತೊಳೆದಳು, ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸಿದಳು. 'ಯಾಕೆ ಬರ್ಲಿಲ್ಲ' ಎಂಬ ಒಂದು ಮಾತು ಬಂದಿದ್ದರೂ ಸಾಕಿತ್ತು, ಕಾರು ಹತ್ತಿರುತ್ತಿದ್ದಳು. ಬಂದಿದ್ದು ಒಂದೇ ಫೋನು, ಅದೂ ಲಿನ್‌ವುಡ್‌ನ ಕಂಬಳಿ ಅಂಗಡಿಯ ಜಾಹೀರಾತಿನದು.

ಮುಂದಿನ ವಾರ ಅರ್ನೆಸ್ಟೀನ್ ಮೀಟಿಂಗಿಗೆ ಓಡುವ ದಾರಿಯಲ್ಲಿ ಒಂದು ಕಾರ್ಡನ್ನು ಇವಳ ಕೈಗಿಟ್ಟು ಹೋದಳು. ಶಾಲೆಯ ವರ್ಷದ ಕೊನೆಯ ಸಮಾರಂಭ, ಅದರಲ್ಲಿ ಮಿಸ್ ವಸಂತಲಕ್ಷ್ಮಿಯವರಿಗೆ ಗೌರವ ಸಮರ್ಪಣೆ, ಮನೆಯವರೆಲ್ಲ ಬರಬೇಕು.

"ನೋಡು, ಎಷ್ಟು ಮರ್ಯಾದೆಯಿಂದ ಕಳಿಸ್ತಿದಾರೆ," ಅಂದ ನಾಣಿ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ 'ಕಳಿಸ್ತಿದಾರೆ' ಎಂಬ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಕಡೆ ಶಾಲು ಹೊದಿಸುವುದು ಯಾರಿಗೆ? ಇನ್ನು ನಾಳೆಯಿಂದ ಬರಬೇಕಾಗಿಲ್ಲ ಅನ್ನಿಸಿಕೊಳ್ಳುವವರಿಗೆ. ಬೀರು ತೆರೆದು ಸೀರೆ ಹುಡುಕುವಾಗ ಅವಳಿಗೆ ಅಳು ಬಂತು. ಸೀರೆಯ ಮಡಿಕೆಗೆ ಮುಖ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು.

ಆ ದಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯರು ಹ್ಯಾಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಉದ್ದದ ಮೇಜಿನ ಮೇಲೆ ಕೋಳಿ, ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಸೊಪ್ಪು, ಪೀಚ್ ಹಣ್ಣಿನ ಸಿಹಿ ಇದ್ದವು. ಸೊಪ್ಪಿನ ಒಂದು ಪಾತ್ರೆ ಮಾತ್ರ ಬೇರೆಯಾಗಿ ಮೂಲೆಯಲ್ಲಿತ್ತು, ಅದರ ಮೇಲಿನ ಹಾಳೆಯಲ್ಲಿ 'ವಸಂತಾಗೆ, ಮಾಂಸ ಹಾಕಿಲ್ಲ' ಎಂದು ಯಾರೋ ಬರೆದಿದ್ದರು. ಅವಳು ಅದನ್ನು ನೋಡಿ ಇನ್ನೂ ಗಲಿಬಿಲಿಗೊಂಡಳು. ಹೊರಗೆ ಹಾಕುವವರು ಬೇರೆ ಪಾತ್ರೆಯಲ್ಲಿ ಅಡುಗೆ ಯಾಕೆ ಮಾಡುತ್ತಾರೆ? ಈ ಜನರನ್ನು ಎರಡು ವರ್ಷದಿಂದ ಬಲ್ಲೆ ಅಂದುಕೊಂಡಿದ್ದಳು. ಈಗ ನೋಡಿದರೆ ತಲೆಬುಡ ತಿಳಿಯುತ್ತಿಲ್ಲ.

ಮರದ ಫಲಕ ಕೊಟ್ಟರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಣಿ ಕ್ಯಾಮೆರಾ ಹಿಡಿದು ಮುಂದೆ ಬಂದ. ಅರ್ನೆಸ್ಟೀನ್ ಮೈಕನ್ನು ಇವಳ ಕೈಗೆ ಕೊಟ್ಟು, "ಎರಡು ಮಾತು ಆಡು," ಅಂದಳು.

ವಂದನೆ ಹೇಳುವ ನಾಲ್ಕು ಸಾಲುಗಳನ್ನು ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎದುರಿಗೆ ಎಂಟನೇ ಕ್ಲಾಸಿನ ಮಕ್ಕಳು ಕೂತಿದ್ದವು. ಮಾಮೂಲಿನಂತೆ ಒಬ್ಬನ ಶೂ ಲೇಸು ಬಿಚ್ಚಿತ್ತು. ಬಾಯಿಪಾಠ ಮಾಡಿದ್ದೆಲ್ಲ ಎಲ್ಲೋ ಹೋಯಿತು.

"ನನಗೆ ಹೋಗೋಕೆ ಇಷ್ಟ ಇಲ್ಲ," ಅಂದಳು. ತನ್ನ ದನಿ ಆ ಹಾಲ್‌ನಲ್ಲಿ ಅಷ್ಟು ದೊಡ್ಡದಾಗಿ ಕೇಳಿದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. "ಅವತ್ತು ಬೇಡ ಅಂದೆ. ನನಗೆ ಬೇಕಿತ್ತು. ನಮ್ಮ ಕಡೆ ಮೊದಲು ಹಾಗೇ ಅನ್ನೋದು. ನೀವು ಇನ್ನೊಂದು ಸಲ ಕೇಳ್ತೀರ ಅಂತ ಕಾಯ್ತಾ ಇದ್ದೆ. ಇನ್ನೂ ಕಾಯ್ತಾನೇ ಇದೀನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅಜ್ಜಿಯರು ನಕ್ಕರು, ನಗು ಹಾಲ್ ತುಂಬಾ ಹಬ್ಬಿತು. ಕೆಟ್ಟ ನಗುವಲ್ಲ ಅದು. ಆದರೆ ನಗಿಸಬೇಕೆಂದು ಹೇಳದ ಮಾತಿಗೆ ಜನ ನಕ್ಕರೆ ಹೇಗಿರುತ್ತದೆ ಎಂದು ಅನುಭವಿಸಿದವರೇ ಬಲ್ಲರು. ಅರ್ನೆಸ್ಟೀನ್ ಮಾತ್ರ ನಗಲಿಲ್ಲ. ಇವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಿಜಾನಾ? ನಿನಗೆ ಬೇಕಿತ್ತಾ?"

"ಬೇಕಿತ್ತು. ನೀನು ಯಾಕೆ ಮತ್ತೆ ಕೇಳ್ಲಿಲ್ಲ? ನಾನು ನಿಮ್ಮವಳಲ್ಲ ಅಂತಾನಾ? ಅಷ್ಟನ್ನ ಹೇಳು, ನನಗೆ ತಲೆ ಕೆಟ್ಟುಹೋಗಿದೆ."

ಅರ್ನೆಸ್ಟೀನ್ ಸಿಂಕಿಗೆ ಒರಗಿ ನಿಂತಳು. ಅವಳ ಮುಖದಲ್ಲೂ ಈಗ ಗೊಂದಲವೇ ಇತ್ತು.

"ವಸಂತಾ, ನಾನು ಆಫೀಸಲ್ಲಿ ಒಲ್ಲೆ ಅಂದ್ರೆ ಅದು ಯಾರ ಕಿವಿಗೂ ಬೀಳಲ್ಲ. ನಮ್ಮಲ್ಲಿ ಕಪ್ಪು ಜನರೂ ಇದಾರೆ ಅಂತ ತೋರಿಸೋ ಕಂಪನಿ ಪುಸ್ತಕಕ್ಕೆ ಫೋಟೋ ಬೇಡ ಅಂದ್ರೆ ಮತ್ತೆ ಬರ್ತಾರೆ. ಇನ್ನೊಂದು ಕಮಿಟಿಗೆ ಆಗಲ್ಲ ಅಂದ್ರೆ ದೊಡ್ಡವರ ಕೈಲಿ ಹೇಳಿಸ್ತಾರೆ. ನಿನ್ನಂಥೋರು ಇಲ್ಲದಿದ್ರೆ ಹೇಗೆ ಅಂತಾರೆ. ಕೊನೆಗೆ ಸಾಕಾಗಿ ಹೂಂ ಅಂತೀನಿ. ಈ ಹಾಲ್‌ನಲ್ಲಿರೋ ಒಬ್ಬೊಬ್ಬರ ಪಾಡೂ ಅದೇ. ಅದಕ್ಕೇ ಈ ಸಂಘ ಕಟ್ಟಿದೋರು ಒಂದು ಪದ್ಧತಿ ಇಟ್ಟರು. ಇಲ್ಲಿ ನಮ್ಮವರು ಒಂದು ಸಲ ಬೇಡ ಅಂದ್ರೆ ಮುಗೀತು. ಕಾರಣ ಕೇಳಲ್ಲ, ಒತ್ತಾಯ ಮಾಡಲ್ಲ. ಹೊರಗೆ ಎಲ್ಲೂ ಸಿಗದ್ದು ಇಲ್ಲಾದ್ರೂ ಸಿಗಲಿ ಅಂತ."

"ಎಲ್ಲರಿಗೂ ಹಾಗೇನಾ?"

"ಎಲ್ಲರಿಗೂ ಎಲ್ಲಿ? ಊಟಕ್ಕೆ ಬನ್ನಿ ಅಂತ ಸಿಟಿ ಕೌನ್ಸಿಲ್‌ನವರಿಗೆ ಎಷ್ಟು ಸಲ ಫೋನ್ ಮಾಡ್ತೀನಿ ಗೊತ್ತಾ? ಬ್ಯಾಂಕಿನವರನ್ನ ಕಾಡಿ ಬೇಡಿ ಕರ್ಕೊಂಡು ಬರ್ತೀವಿ. ಅವರು ಹೊರಗಿನವರು. ನಿನ್ನನ್ನ ಹಾಗೆ ಕಾಡೋಕೆ ನನಗೆ ಮನಸ್ಸು ಬರ್ಲಿಲ್ಲ. ನೀನು ನಮ್ಮೋಳು ಅಂತ ಒಂದೇ ಸಲಕ್ಕೆ ಬಿಟ್ಟೆ."

ವಸಂತಲಕ್ಷ್ಮಿ ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತಳು. ಅವಳಿಗೆ ತನ್ನ ಅಕ್ಕನ ಮನೆಯ ನೆನಪಾಯಿತು. ಅಲ್ಲಿ ಅಕ್ಕ ಏನಾದರೂ ಎರಡನೇ ಸಲ ಬಡಿಸಲು ಬಂದರೆ ತಾನೇ ಅನ್ನುತ್ತಿರಲಿಲ್ಲವೇ, 'ನನಗೇನೇ ಉಪಚಾರ, ನಾನೇನು ಹೊರಗಿನವಳಾ' ಎಂದು? ಮನೆಯವರನ್ನು ಯಾರೂ ಉಪಚಾರ ಮಾಡುವುದಿಲ್ಲ. ಇಷ್ಟು ದಿನ ತಾನು ಮನೆಯವಳಾಗಬೇಕು ಎಂದು ಅಳುತ್ತಾ, ಅತಿಥಿಗೆ ಮಾಡುವ ಮರ್ಯಾದೆಗಾಗಿ ಕಾದಿದ್ದಳು. ತಮ್ಮವಳೆಂದು ಬಗೆದದ್ದರಿಂದಲೇ ಇವರು ಕಳಿಸಿಕೊಡುತ್ತಿದ್ದರು. ಇದಕ್ಕೆ ಹಿಗ್ಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತೋಚಲಿಲ್ಲ. ಎರಡೂ ಮಾಡಬೇಕೆನ್ನಿಸಿತು.

"ಈಗ ಏನು ಮಾಡಲಿ?"

"ಈಗ ಶಾಲೆ ಕ್ಲಾರೆನ್ಸ್‌ದು. ಕೊಟ್ಟಿದ್ದನ್ನ ನಾನು ಕಿತ್ಕೊಳ್ಳಲ್ಲ. ಅವನನ್ನ ಕೇಳು," ಅಂದಳು ಅರ್ನೆಸ್ಟೀನ್. ಬಾಗಿಲಿಗೆ ಕೈ ಹಾಕಿದವಳು ತಿರುಗಿ, "ಅವನು ಆಗಲ್ಲ ಅಂದ್ರೆ ಅದೂ ಒಂದೇ ಸಲ. ನೆನಪಿರಲಿ," ಅಂದಳು.

ಹುಟ್ಟಿದಾಗಿನಿಂದ ವಸಂತಲಕ್ಷ್ಮಿ ಯಾರ ಹತ್ತಿರವೂ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಬೇಕಾದ್ದನ್ನು ಬೇಡ ಬೇಡ ಅಂದೇ ಪಡೆದುಕೊಂಡು ಬಂದವಳು. ಕ್ಲಾರೆನ್ಸ್ ಕೇಕಿನ ಮೇಜಿನ ಹತ್ತಿರ ಕಾಗದದ ತಟ್ಟೆಗಳನ್ನು ಒಟ್ಟು ಮಾಡುತ್ತಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು.

"ಕ್ಲಾರೆನ್ಸ್, ನನಗೆ ನನ್ನ ಆಲ್ಜೀಬ್ರಾ ಕ್ಲಾಸ್ ವಾಪಸ್ ಬೇಕು."

ಅವನು ತಟ್ಟೆ ಕೆಳಗಿಟ್ಟ. ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಯೋಚನೆ ಮಾಡಿ ಹೇಳಿದ: "ಆಗಲ್ಲ ಮೇಡಂ. ತಮೀಕಾಗೆ ಕೊಟ್ಟಾಗಿದೆ. ಅವಳು ಈಗ ದೊಡ್ಡ ಆಫೀಸಿನ ಅಕೌಂಟೆಂಟು, ಆದರೆ ಗಣಿತ ಕಲಿತಿದ್ದು ಇದೇ ಹಾಲ್‌ನಲ್ಲಿ ಕೂತು. ಈ ಮಕ್ಕಳ ಮುಂದೆ ಅವಳೇ ನಿಂತು ಕಲಿಸೋದನ್ನ ನೋಡಬೇಕು ಅಂತಾನೇ ನಾವು ಇಷ್ಟು ವರ್ಷ ಶಾಲೆ ನಡೆಸಿದ್ದು."

ಇನ್ನೊಂದು ಸಲ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಸ್ವಲ್ಪ ನೊಂದ ಮುಖ ಮಾಡಿ, ಎರಡು ವರ್ಷದ ಮಾತೆತ್ತಿದರೆ ಮುದುಕ ಕರಗಿಯಾನು ಎಂದೂ ಅನ್ನಿಸಿತು. ಆದರೆ ಅವನು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ದೂರದಲ್ಲಿ ತಮೀಕಾ ಎಂಟನೇ ಕ್ಲಾಸಿನವರ ನಡುವೆ ಕೂತಿದ್ದಳು. ಒಬ್ಬ ಹುಡುಗಿ ಅವಳ ಕೈಗಡಿಯಾರವನ್ನೇ ನೋಡುತ್ತಿದ್ದಳು, ನಾಳೆ ತಾನೂ ಅಂಥದನ್ನು ಕಟ್ಟಿಕೊಳ್ಳುವವಳ ಹಾಗೆ. ವಸಂತಲಕ್ಷ್ಮಿಯ ಕಣ್ಣು ತುಂಬಿತು. ಎರಡನೇ ಸಲ ಕೇಳಲಿಲ್ಲ.

ಹೊರಟೂ ಹೋಗಲಿಲ್ಲ.

"ಹಾಗಾದ್ರೆ ಬೇರೆ ಏನಿದೆ?" ಅಂದಳು.

"ಆರನೇ ಕ್ಲಾಸಿನ ಭಿನ್ನರಾಶಿ ಇದೆ. ಯಾರೂ ಒಪ್ತಿಲ್ಲ. ಆ ಮಕ್ಕಳು ಕೂತಲ್ಲಿ ಕೂರಲ್ಲ. ಬೇಕಾ?"

"ಬೇಕು," ಅಂದಳು. ಅಷ್ಟು ಬೇಗ ಬಂದ ಮಾತಿಗೆ ಅವಳಿಗೇ ನಾಚಿಕೆಯಾಯಿತು.

ಕ್ಲಾರೆನ್ಸ್ ತಲೆಯಾಡಿಸಿದ. ಸಂತೋಷ ಅನ್ನಲಿಲ್ಲ, ಕೈ ಕುಲುಕಲಿಲ್ಲ. ಇನ್ನು ಅವಳು ಸನ್ಮಾನಿತೆಯಲ್ಲ ಅನ್ನುವಂತೆ ಗೋಡೆಯ ಕಡೆ ಬೆರಳು ತೋರಿಸಿದ. "ಹಾಗಿದ್ರೆ ಬನ್ನಿ, ಸಂಜೆ ಇಲ್ಲಿ ಚರ್ಚಿನ ಹಾಡಿನವರು ಬರ್ತಾರೆ, ಅಷ್ಟರಲ್ಲಿ ಕುರ್ಚಿ ಎಲ್ಲ ಮಡಿಸಿ ಇಡಬೇಕು. ಆ ಹಿಂದಿನ ಸಾಲುಗಳು ನಿಮ್ಮವು," ಅಂದವನೇ ತಟ್ಟೆಗಳ ರಾಶಿ ಎತ್ತಿಕೊಂಡು ಹೋದ.

ವಸಂತಲಕ್ಷ್ಮಿ ಫಲಕವನ್ನು ಕಿಟಕಿಯ ಮೇಲಿಟ್ಟು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲನೇ ಕುರ್ಚಿ ಮಡಿಸಿದಳು. ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದ ನಾಣಿ ಗಾಬರಿಯಿಂದ ಓಡಿ ಬಂದ.

"ಏನೇ ಇದು, ಸನ್ಮಾನ ಮಾಡಿಸ್ಕೊಂಡೋಳ ಕೈಲಿ ಕುರ್ಚಿ ಎತ್ತಿಸ್ತಾರಾ? ಒಂದು ಮಾತಿಗಾದ್ರೂ ಬೇಡ ಬಿಡಿ ಅನ್ನಬಾರದಾ ಯಾರೂ?"

"ಅನ್ನಲ್ಲ ರೀ, ಇಲ್ಲಿ ಯಾರೂ ಅನ್ನಲ್ಲ," ಅಂದಳು ವಸಂತಲಕ್ಷ್ಮಿ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಇರಲಿಲ್ಲ. "ಸುಮ್ಮನೆ ನೋಡ್ತಾ ನಿಲ್ಲಬೇಡಿ. ಆ ಕಡೆಯಿಂದ ಶುರು ಮಾಡಿ."